ದೋಹಾದ ಐಸಿನೊಳಗೆ ಒಂದು ಸೊಟ್ಟ ಗೆರೆ

ಮುಂಬಯಿಯ ಏಜೆಂಟರ ಕಚೇರಿಯಲ್ಲಿ ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ. "ಐಸಿನ ಕೆಲಸದಲ್ಲಿ ಎಷ್ಟು ವರ್ಷದ ಅನುಭವ?"

ಹನ್ನೆರಡು ವರ್ಷ ಎಂದೆ. ಅದು ಸುಳ್ಳಾಗಿರಲಿಲ್ಲ. ಮಲ್ಪೆ ಬಂದರಿನ ಐಸ್ ಪ್ಲಾಂಟಿನಲ್ಲಿ ಹನ್ನೆರಡು ವರ್ಷ ಬಂಗುಡೆ, ಬೂತಾಯಿ ಮೀನುಗಳಿಗೆ ಬೇಕಾದ ಐಸು ಮಾಡಿ ಕೊಟ್ಟವನು ನಾನು. ಯಾರಿಗೋಸ್ಕರ ಮಾಡಿದ ಐಸು ಎಂದು ಅವರು ಕೇಳಲಿಲ್ಲ. ಕೇಳದ ಪ್ರಶ್ನೆಗೆ ಉತ್ತರ ಹೇಳುವ ಅಭ್ಯಾಸ ನನಗೂ ಇರಲಿಲ್ಲ. ವೀಸಾದಲ್ಲಿ 'ಐಸ್ ಟೆಕ್ನಿಷಿಯನ್' ಎಂದು ಬರೆದಿತ್ತು. ಕತಾರಿನಲ್ಲಿಯೂ ಸಮುದ್ರ ಉಂಟು, ಮೀನು ಉಂಟು, ಆದ್ದರಿಂದ ಐಸೂ ಬೇಕಾಗುತ್ತದೆ ಎಂದುಕೊಂಡು ಆಗಸ್ಟ್ ತಿಂಗಳ ಒಂದು ಮಧ್ಯಾಹ್ನ ದೋಹಾದಲ್ಲಿ ಇಳಿದೆ. ವಿಮಾನ ನಿಲ್ದಾಣದ ಬಾಗಿಲು ತೆರೆದಾಗ ಒಲೆಯ ಬಾಯಿಗೆ ಮುಖ ಒಡ್ಡಿದ ಹಾಗಾಯಿತು. ಅಲ್ಲಿಂದ ಕಾರಿನಲ್ಲಿ ನೇರವಾಗಿ ಒಂದು ದೊಡ್ಡ ಮಾಲಿಗೆ ಕರೆದುಕೊಂಡು ಹೋಗಿ, ಕೈಗೆ ಉಣ್ಣೆಯ ಜಾಕೆಟ್ ಕೊಟ್ಟರು. ಬಟ್ಟೆ ಅಂಗಡಿಗಳ ನಡುವೆ ಒಂದು ಮೈದಾನದಷ್ಟು ಐಸು. ಅದರ ಮೇಲೆ ಮನುಷ್ಯರು ಜಾರುತ್ತಿದ್ದರು.

ರಿಂಕ್ ಎಂದು ಕರೆಯುವ ಆ ಐಸಿನ ಅಂಗಳದ ಮ್ಯಾನೇಜರ್ ಫಾದಿ, ಲೆಬನಾನಿನವರು. ಗರಿಗರಿ ಸೂಟು, ಕೂದಲಿಗೆ ಧಾರಾಳ ಎಣ್ಣೆ. "ಯಲ್ಲಾ ಮಿಸ್ಟರ್ ವಾಮನ್, ನಿಮಗೆ ಸ್ಕೇಟಿಂಗ್ ಬರುತ್ತದೆಯೇ?" ಎಂದು ಕೇಳಿದರು.

"ಇಲ್ಲ ಸರ್. ನನ್ನ ಐಸಿನ ಮೇಲೆ ಈವರೆಗೆ ಮೀನು ಮಾತ್ರ ಮಲಗಿದ್ದು."

ಅವರು ಅದನ್ನು ತಮಾಷೆ ಎಂದುಕೊಂಡು ನಕ್ಕರು. ನನ್ನ ಕೆಲಸ ಉಳಿಯಿತು.

ಈಗ ನಿವೃತ್ತನಾಗಿ ಕಾಪುವಿನಲ್ಲಿದ್ದೇನೆ. ಹೋದ ತಿಂಗಳು ನಮ್ಮ ಕಡೆಯ ಶ್ರಾವ್ಯಾ ಎಂಬ ಹುಡುಗಿ ಫೋನ್ ಮಾಡಿದ್ದಳು. ರೆಫ್ರಿಜರೇಶನ್ ಡಿಪ್ಲೊಮಾ ಮುಗಿಸಿದವಳು, ದೋಹಾದ ಒಂದು ರಿಂಕಿನಲ್ಲಿ ಕೆಲಸ ಸಿಕ್ಕಿದೆಯಂತೆ. "ಅಂಕಲ್, ಎಂತೆಲ್ಲ ಗೊತ್ತಿರ್ಬೇಕು?" ಎಂದು ಕೇಳಿದಳು. ಒಂದು ಗಂಟೆ ಮಾತಾಡಿದೆ. ಫೋನ್ ಇಟ್ಟ ಮೇಲೆ, ಹೇಳಬೇಕಾದ ಒಂದು ಮಾತೂ ಹೇಳಲಿಲ್ಲ ಎನ್ನಿಸಿತು. ಹೇಳಿದ್ದೆಲ್ಲ ಯಂತ್ರದ ವಿಷಯ. ಯಂತ್ರದ ಪುಸ್ತಕ ಅವಳಿಗೆ ಅಲ್ಲಿಯೇ ಸಿಗುತ್ತದೆ. ಪುಸ್ತಕದಲ್ಲಿ ಇಲ್ಲದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಬಡ್ತಿಯ ವಿಷಯ ಬಿಟ್ಟಿದ್ದೇನೆ. ನಮ್ಮ ಕೆಲಸದಲ್ಲಿ ಏರಿದ್ದಕ್ಕಿಂತ ಜಾರಿ ಬಿದ್ದದ್ದೇ ಹೆಚ್ಚು.

ಮೊದಲು ಗಾಡಿಯ ಕಥೆ. ಜನ ಸ್ಕೇಟಿಂಗ್ ಮಾಡಿ ಗೀಚಿದ ಐಸನ್ನು ಮತ್ತೆ ನುಣುಪು ಮಾಡಲು ಟೆಂಪೋದಷ್ಟು ದೊಡ್ಡ ಗಾಡಿಯೊಂದು ಇರುತ್ತದೆ. ಹೊಟ್ಟೆಯ ಕೆಳಗಿನ ಬ್ಲೇಡು ಐಸಿನ ಮೇಲ್ಪದರ ಕೆರೆಯುತ್ತದೆ, ಹಿಂದಿನಿಂದ ಬಿಸಿನೀರು ತೆಳ್ಳಗೆ ಹರಡುತ್ತದೆ. ಐಸು ಮಾಡಲು ಬಿಸಿನೀರು ಯಾಕೆ ಎಂದು ನಾನೂ ನಕ್ಕಿದ್ದೆ. ತಣ್ಣೀರು ಬಿದ್ದಲ್ಲಿಯೇ ಹೆಪ್ಪುಗಟ್ಟುತ್ತದೆ, ಬಿಸಿನೀರು ಗೀರುಗಳೊಳಗೆ ಇಳಿದು ಸಮವಾಗಿ ಕೂರುತ್ತದೆ. ನನ್ನ ಜೊತೆ ಕೆಲಸಕ್ಕಿದ್ದ ಬಂಟ್ವಾಳದ ಹಮೀದ್, ನಮಗೆಲ್ಲ ಹಮೀದಾಕ, ಆ ಗಾಡಿಗೆ 'ಎಮ್ಮೆ' ಎಂದು ಹೆಸರಿಟ್ಟಿದ್ದರು. "ನೋಡಿ ವಾಮನಣ್ಣ, ನಿಧಾನ ಹೋಗ್ತದೆ, ಯಾರು ಹಾರ್ನ್ ಹೊಡೆದ್ರೂ ಕೇಳುದಿಲ್ಲ, ಹೋದಲ್ಲೆಲ್ಲ ಹಿಂದಿಂದ ಒದ್ದೆ. ಬೇರೆ ಎಂತ ಹೆಸರಿಡುದು?"

ಸೇರಿದ ಎರಡನೇ ತಿಂಗಳಲ್ಲಿ ನಾನು ಎಮ್ಮೆಯ ಮೇಲಿದ್ದಾಗ ಹೆಂಡತಿಯ ಫೋನು ಬಂತು. ಗಾಡಿ ನಿಲ್ಲಿಸಿ ಮಾತಾಡಿದೆ. ನೀರು ನಿಲ್ಲಿಸಲು ಮರೆತೆ. ಅವಳು ನಾದಿನಿಯ ಮದುವೆಯ ಊಟದಲ್ಲಿ ಏನೇನಿತ್ತು ಎಂದು ಪಾಯಸದವರೆಗೆ ಹೇಳಿ ಮುಗಿಸುವಷ್ಟರಲ್ಲಿ ಗಾಡಿಯ ಹಿಂದೆ ಐಸು ಕರಗಿ, ಮಗುವಿಗೆ ಸ್ನಾನ ಮಾಡಿಸುವಷ್ಟು ದೊಡ್ಡ ಗುಂಡಿಯಾಗಿತ್ತು. ಹೊರಗೆ ಸ್ಕೇಟಿಂಗ್ ಕ್ಲಾಸಿನ ಹೆಂಗಸರು ಕಾಯುತ್ತಿದ್ದರು. ನಾನು ಗುಂಡಿಯ ಸುತ್ತ ನಾಲ್ಕು ಪ್ಲಾಸ್ಟಿಕ್ ಕೋನುಗಳನ್ನು ಇಟ್ಟು, ಕುಕ್ಕರಗಾಲಲ್ಲಿ ಕುಳಿತು, ಗಂಭೀರ ಮುಖ ಮಾಡಿ ಅದನ್ನೇ ದಿಟ್ಟಿಸಿದೆ. ಫಾದಿ ಬಂದರು.

"ಇದೇನು?"

"ಇನ್ಸ್‌ಪೆಕ್ಷನ್ ಸರ್."

ಅವರು ಕೈ ಹಿಂದೆ ಕಟ್ಟಿಕೊಂಡು ಸ್ವಲ್ಪ ಹೊತ್ತು ನೋಡಿದರು. "ಬಹಳ ಒಳ್ಳೆಯದು. ಇದನ್ನು ವಾರಕ್ಕೊಮ್ಮೆ ಮಾಡಬೇಕು."

ಅಂದಿನಿಂದ ಆರು ತಿಂಗಳು, ಪ್ರತಿ ಬುಧವಾರ, ಏನೂ ಆಗಿರದ ಐಸಿನ ಸುತ್ತ ನಾಲ್ಕು ಕೋನು ಇಟ್ಟು ಕುಕ್ಕರಗಾಲಲ್ಲಿ ಕೂರುವುದು ನನ್ನ ಪಾಲಿಗೆ ಬಂತು. ಸುಳ್ಳು ಹೇಳಬೇಡಿ ಎಂದು ನಾನು ಯಾರಿಗೂ ಉಪದೇಶ ಮಾಡುವುದಿಲ್ಲ. ವಾರವಾರವೂ ಮಾಡಬೇಕಾಗಿ ಬರುವಂಥ ಸುಳ್ಳು ಹೇಳಬೇಡಿ ಎಂದಷ್ಟೇ ಹೇಳುತ್ತೇನೆ.

ಫಾದಿ ಕೆಟ್ಟವರಲ್ಲ. ಆದರೆ ರಿಂಕಿನಲ್ಲಿ ಏನೇ ನಡೆದರೂ ಅದು ತಾವೇ ಮಾಡಿಸಿದ್ದು ಎಂದು ಅವರಿಗೆ ಪ್ರಾಮಾಣಿಕವಾಗಿ ಅನ್ನಿಸುತ್ತಿತ್ತು. ಸೆಪ್ಟೆಂಬರಿನಲ್ಲಿ ದೋಹಾದ ಗಾಳಿ ಹಿಂಡಿದರೆ ನೀರು ಬರುವ ಹಾಗಿರುತ್ತದೆ. ಅಂಥ ಒಂದು ದಿನ ರಿಂಕಿನಲ್ಲಿ ಮಕ್ಕಳ ನೃತ್ಯ ಇತ್ತು. ಸಾಮಾನು ಇಳಿಸುವವರು ಮಾಲಿನ ಹಿಂಬಾಗಿಲನ್ನು ಹಾಗೇ ತೆರೆದು ಬಿಟ್ಟಿದ್ದರು. ಒದ್ದೆ ಗಾಳಿ ಒಳಗೆ ನುಗ್ಗಿ, ಐಸಿಗೆ ತಾಗಿ, ಸೊಂಟದ ಮಟ್ಟದ ಮಂಜು ಎದ್ದಿತು. ಬಿಳಿ ಫ್ರಾಕಿನ ಮಕ್ಕಳು ಮೋಡದಲ್ಲಿ ತೇಲಿದಂತೆ ಕಂಡರು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು, ಫಾದಿ ಎದ್ದು ನಿಂತು ಬಾಗಿ ನಮಸ್ಕರಿಸಿದರು.

ಮರುವಾರ ಅವರ ಅಪ್ಪಣೆ: "ಆ ಮಂಜು ಮತ್ತೆ ಬೇಕು."

ಬಾಗಿಲು ತೆರೆದಿಟ್ಟು ಕಾದೆವು. ಈ ಸಲ ಮಂಜು ಸೊಂಟದಲ್ಲಿ ನಿಲ್ಲಲಿಲ್ಲ. ಮಕ್ಕಳೂ ಕಾಣಲಿಲ್ಲ, ಟೀಚರೂ ಕಾಣಲಿಲ್ಲ. ಸುತ್ತ ತಾಯಂದಿರು ಏಳೆಂಟು ಭಾಷೆಗಳಲ್ಲಿ ತಮ್ಮ ತಮ್ಮ ಮಕ್ಕಳ ಹೆಸರು ಕೂಗುತ್ತಿದ್ದರು. ಹಮೀದಾಕ ಗಮ್‌ಬೂಟು ಹಾಕಿಕೊಂಡು ಒಳಗೆ ಹೋಗಿ ಕೈಗೆ ಸಿಕ್ಕಿದವರನ್ನು ಒಬ್ಬೊಬ್ಬರಾಗಿ ಹೊರಗೆ ತಂದರು. ಹಾಗೆ ತಂದವರಲ್ಲಿ ಒಬ್ಬರು ಫಾದಿ.

ಕೆಲಸದ ಕ್ರಮ ನನ್ನ ಕಣ್ಣೆದುರೇ ಬದಲಾಯಿತು. ನಾನು ಸೇರಿದಾಗ ಐಸಿನ ದಪ್ಪ ನೋಡಲು ಕೈಡ್ರಿಲ್ಲಿನಿಂದ ತೂತು ಕೊರೆದು ಸ್ಕೇಲು ಇಳಿಸುತ್ತಿದ್ದೆವು. ಆಮೇಲೆ ಸೆನ್ಸರ್ ಬಂತು, ಗೋಡೆಗೆ ಪರದೆ ಬಂತು. ಪರದೆಯಲ್ಲಿ ರಿಂಕಿನ ನಕ್ಷೆ, ಸರಿಯಿದ್ದಲ್ಲಿ ಹಸಿರು, ತಪ್ಪಿದಲ್ಲಿ ಕೆಂಪು. ಹೊಸಬರು ಬೆಳಿಗ್ಗೆ ಬಂದು ಪರದೆಗೆ ಕೈಮುಗಿಯುವುದೊಂದೇ ಬಾಕಿ. ಒಮ್ಮೆ ಪರದೆಯೆಲ್ಲ ಹಸಿರಿದ್ದಾಗಲೇ ಪ್ರವೇಶದ ಹತ್ತಿರ ಐಸು ಮೆತ್ತಗಾಗಿತ್ತು. ನನಗೆ ಅದು ಗೊತ್ತಾದದ್ದು ಸದ್ದಿನಿಂದ. ಗಟ್ಟಿ ಐಸಿನ ಮೇಲೆ ಸ್ಕೇಟಿನ ಅಲಗು ರೇಷ್ಮೆ ಹರಿದ ಹಾಗೆ ಸದ್ದು ಮಾಡುತ್ತದೆ, ಮೆತ್ತಗಿನದರಲ್ಲಿ ಸೌತೆಕಾಯಿ ಹೆಚ್ಚಿದ ಹಾಗೆ. ಪರದೆ ನೋಡಿ, ಬೇಡ ಎನ್ನುವುದಿಲ್ಲ. ಆದರೆ ದಿನಕ್ಕೊಮ್ಮೆಯಾದರೂ ಕಣ್ಣು ಮುಚ್ಚಿ ಐಸಿನ ಅಂಚಿನಲ್ಲಿ ನಿಲ್ಲಿ.

ಇನ್ನು ನಾನು ನಿಜವಾಗಿ ಬರೆಯಬೇಕೆಂದಿದ್ದ ವಿಷಯಕ್ಕೆ ಬರುತ್ತೇನೆ.

ನಿವೃತ್ತಿಗೆ ಮೂರು ವರ್ಷ ಇರುವಾಗ ರಾಷ್ಟ್ರೀಯ ಜೂನಿಯರ್ ಐಸ್ ಹಾಕಿ ಚಾಂಪಿಯನ್‌ಶಿಪ್ ನಮ್ಮ ರಿಂಕಿನಲ್ಲಿ ನಡೆಯಿತು. ಹದಿನಾಲ್ಕು ವರ್ಷದೊಳಗಿನ ಮಕ್ಕಳು, ಹುಡುಗರು ಹುಡುಗಿಯರು ಒಟ್ಟಿಗೆ, ನಾಲ್ಕು ತಂಡ, ನಾಲ್ಕು ದಿನ. ಒಂದೊಂದು ತಂಡದಲ್ಲಿಯೂ ಕತಾರಿ, ಕೆನಡಾ, ರಷ್ಯಾ, ಫಿಲಿಪೈನ್ಸ್ ಎಲ್ಲ ಕಡೆಯ ಮಕ್ಕಳಿದ್ದರು. ಪರ್ಲ್ಸ್ ಎಂಬ ತಂಡದ ಗೋಲ್‌ಕೀಪರ್ ಮಾತ್ರ ನಮ್ಮ ಮಂಗಳೂರಿನವಳು. ಶೆರಿಲ್ ಲೋಬೋ, ಹದಿಮೂರು ವರ್ಷ. ಹುಟ್ಟಿ ಬೆಳೆದದ್ದು ದೋಹಾದಲ್ಲಿ. ಕನ್ನಡ ಅವಳ ಬಾಯಲ್ಲಿ ಕಾಲು ಜಾರಿ ಜಾರಿ ಬರುತ್ತಿತ್ತು, ಕಾಲು ಮಾತ್ರ ಐಸಿನ ಮೇಲೆ ಜಾರುತ್ತಿರಲಿಲ್ಲ. ಅವಳ ಅಪ್ಪ ರಾಸ್ ಲಫಾನಿನ ಗ್ಯಾಸ್ ಪ್ಲಾಂಟಿನಲ್ಲಿ ಆಪರೇಟರ್. ಕ್ರೈಸ್ತ ಗಂಡಸರನ್ನು ಗೌರವದಿಂದ ಕರೆಯುವ ಊರಿನ ರೂಢಿಯಂತೆ ನಾನು ಅವರನ್ನು ಪೊರ್ಬುಗಳೇ ಎಂದೇ ಕರೆಯುತ್ತಿದ್ದೆ. ಮಗಳ ಒಂದು ಪಂದ್ಯವನ್ನೂ ಅವರು ತಪ್ಪಿಸಿದವರಲ್ಲ. ಶಿಫ್ಟ್ ಮುಗಿಸಿ ಪ್ಲಾಂಟಿನ ಉಡುಪಾದ ನೀಲಿ ಕವರಾಲಿನಲ್ಲಿಯೇ ಬಂದು ಕೂರುತ್ತಿದ್ದರು.

ಪಂದ್ಯಕ್ಕೆ ಮುಂಚೆ ಹಳೆಯ ಐಸನ್ನೆಲ್ಲ ಕರಗಿಸಿ ಹೊಸದಾಗಿ ಕಟ್ಟಬೇಕಾಯಿತು. ಕೆಳಗೆ ತೆಳ್ಳಗಿನ ಐಸು, ಅದಕ್ಕೆ ಬಿಳಿ ಬಣ್ಣ, ಅದರ ಮೇಲೆ ಗೆರೆಗಳು. ಗೋಲಿನ ಗೆರೆಗೆ ಎರಡಿಂಚು ಅಗಲದ ಕೆಂಪು ಬಟ್ಟೆಯ ಪಟ್ಟಿ ಬರುತ್ತದೆ. ಅದನ್ನು ದಾರ ಎಳೆದು ನೇರ ಹಾಸಿ, ಪೈಪಿನಿಂದ ನೀರು ಚಿಮುಕಿಸಿದರೆ ಅಲ್ಲಿಯೇ ಹೆಪ್ಪುಗಟ್ಟಿ ಕೂರುತ್ತದೆ. ಮೇಲೆ ಪದರ ಪದರವಾಗಿ ಮತ್ತಷ್ಟು ಐಸು. ಉತ್ತರದ ಗೋಲಿನ ಪಟ್ಟಿಗೆ ನಾನು ನೀರು ಹಾಕುತ್ತಿದ್ದಾಗ ಫಾದಿ ಯಾರೋ ದೊಡ್ಡ ಅತಿಥಿಗಳನ್ನು ಕರೆತಂದು, ಅಂಚಿನಲ್ಲಿ ನಿಂತು "ಮಿಸ್ಟರ್ ವಾಮನ್!" ಎಂದು ಕೂಗಿದರು. ನಾನು ತಿರುಗಿದೆ. ಪೈಪೂ ನನ್ನ ಜೊತೆ ತಿರುಗಿತು. ಸಲಾಂ ಹೇಳಿ, ಮತ್ತೆ ಈ ಕಡೆ ತಿರುಗಿ ಕೆಲಸ ಮುಂದುವರಿಸಿದೆ.

ಏನಾಗಿತ್ತು ಎಂದು ತಿಳಿದದ್ದು ಪಂದ್ಯಾವಳಿಯ ಮೊದಲ ದಿನ ಬೆಳಿಗ್ಗೆ. ಎಮ್ಮೆಯನ್ನು ಗೋಲಿನ ಮುಂದಿನಿಂದ ತಿರುಗಿಸುವಾಗ ನೋಡುತ್ತೇನೆ, ಎಡಗಂಬದ ಹತ್ತಿರ ಕೆಂಪು ಗೆರೆ ಹೊಟ್ಟೆ ಬಿಟ್ಟ ಹಾಗೆ ಗೋಲಿನ ಒಳಕ್ಕೆ ಬಾಗಿದೆ. ಆವತ್ತು ಪೈಪಿನ ನೀರು ರಭಸದಿಂದ ಬಡಿದು, ಹೆಪ್ಪುಗಟ್ಟುವ ಮೊದಲೇ ಪಟ್ಟಿ ಸರಿದುಬಿಟ್ಟಿತ್ತು. ಇಳಿದು ಬೆರಳಿಟ್ಟು ನೋಡಿದೆ. ಎರಡು ಬೆರಳಿನಷ್ಟು ಸೊಟ್ಟ. ಈಗ ಅದರ ಮೇಲೆ ಒಂದಿಂಚು ಐಸು ಕೂತಿತ್ತು.

ಐಸ್ ಹಾಕಿಯಲ್ಲಿ ಚೆಂಡಿನ ಬದಲು ಪಕ್ ಎಂಬ ಕಪ್ಪು ರಬ್ಬರಿನ ಬಿಲ್ಲೆ. ಅದು ಗೆರೆಯನ್ನು ಪೂರ್ತಿ ದಾಟಿದರೆ ಮಾತ್ರ ಗೋಲು. ಗೆರೆ ಎರಡು ಬೆರಳು ಒಳಗಿದ್ದರೆ ಅಲ್ಲಿ ಗೋಲು ಹೊಡೆಯುವವನು ಎರಡು ಬೆರಳು ಹೆಚ್ಚು ದೂಡಬೇಕು.

ಹಮೀದಾಕನನ್ನು ಕರೆದು ತೋರಿಸಿದೆ. ಅವರು ಬಗ್ಗಿ ನೋಡಿ ತಲೆಯ ಟೊಪ್ಪಿ ತೆಗೆದು ಮತ್ತೆ ಹಾಕಿಕೊಂಡರು.

"ನನ್ನ ಹೆಂಡ್ತಿ ಮಾಡುವ ಒತ್ತು ಶ್ಯಾವಿಗೆ ಸಹ ಇದಕ್ಕಿಂತ ನೇರ ಉಂಟು ಮಾರಾಯ್ರೆ."

"ಈಗ ಎಂತ ಮಾಡುದು?"

"ಎಂತ ಮಾಡುದು? ಮಕ್ಕಳ ಆಟ. ಯಾರು ಬೆರಳಿಟ್ಟು ನೋಡ್ತಾರೆ? ನೀವು ಬಾಯಿ ಮುಚ್ಚಿ, ನಾನೂ ಮುಚ್ತೇನೆ."

ಮುಚ್ಚಿದೆವು. ಬಾಯಿ ಮಾತ್ರ ಅಲ್ಲ, ಗೆರೆಯನ್ನೂ. ಪ್ರತಿ ಬಿಡುವಿನಲ್ಲಿ ಎಮ್ಮೆ ಆ ಕಂಬದ ಹತ್ತಿರ ಬಂದಾಗ ನಾನು ತುಸು ಹೆಚ್ಚು ನೀರು ಬಿಡುತ್ತಿದ್ದೆ, ಐಸು ಅಲ್ಲಿ ಮಸುಕಾಗಲಿ ಎಂದು. ಹಮೀದಾಕ ಸಲಿಕೆಯಲ್ಲಿ ಹಿಮದ ಪುಡಿ ತಂದು ಅದರ ಮೇಲೆಯೇ ಅಕಸ್ಮಾತ್ತಾಗಿ ಚೆಲ್ಲುತ್ತಿದ್ದರು. ಮೂರು ದಿನ ಕಳೆಯಿತು. ಆ ಕಂಬದ ಹತ್ತಿರ ಏನೂ ನಡೆಯಲಿಲ್ಲ. ನಮ್ಮಂಥ ಬುದ್ಧಿವಂತರು ಕತಾರಿನಲ್ಲಿಯೇ ಇಲ್ಲ ಎಂದುಕೊಂಡೆವು.

ಫೈನಲ್ ಇದ್ದದ್ದು ಶುಕ್ರವಾರ. ಹಮೀದಾಕ ಜುಮ್ಮಾ ನಮಾಜು ಮುಗಿಸಿ ಬಿಳಿ ಅಂಗಿಯಲ್ಲಿಯೇ ಬಂದರು. ಮೂರು ಗಂಟೆಗೆ ಪರ್ಲ್ಸ್ ಮತ್ತು ಫಾಲ್ಕನ್ಸ್ ತಂಡಗಳು ಇಳಿದವು. ಆಟಕ್ಕೆ ಮೂರು ಅವಧಿ, ಪ್ರತಿ ಅವಧಿಗೂ ತಂಡಗಳು ಬದಿ ಬದಲಿಸುತ್ತವೆ. ಮೊದಲನೆಯ ಮತ್ತು ಮೂರನೆಯ ಅವಧಿಯಲ್ಲಿ ಶೆರಿಲ್ ಕಾಯಬೇಕಾದದ್ದು ಉತ್ತರದ ಗೋಲನ್ನು, ಅಂದರೆ ನನ್ನ ಸೊಟ್ಟ ಗೆರೆಯನ್ನು.

ಮೊದಲ ಅವಧಿಯಲ್ಲಿ ಪರ್ಲ್ಸ್ ಒಂದು ಗೋಲು ಹೊಡೆಯಿತು. ಅವಧಿ ಮುಗಿಯಲು ಒಂದೆರಡು ನಿಮಿಷ ಇರುವಾಗ ಫಾಲ್ಕನ್ಸ್ ತಂಡದ ಖಾಲಿದ್ ಎಂಬ ಕತಾರಿ ಹುಡುಗ ಇಬ್ಬರನ್ನು ತಪ್ಪಿಸಿ ನುಗ್ಗಿ ಬಂದ. ಪಕ್ಕನ್ನು ನೆಲಕ್ಕೆ ತಾಗಿಸಿಯೇ ಎಡಗಂಬದ ಕಡೆ ಹೊಡೆದ. ಶೆರಿಲ್ ಅಡ್ಡ ಬಿದ್ದಳು. ಅವಳ ಕಾಲಿನ ದಪ್ಪ ಕವಚಕ್ಕೆ ತಗುಲಿ ಪಕ್ ನಿಂತುಬಿಟ್ಟಿತು. ಖಾಲಿದ್ ಕೈ ಎತ್ತಿ ಕುಣಿದ. ರೆಫ್ರಿ ಬಂದು ಬೋರಲು ಮಲಗಿ ನೋಡಿದರು. ಪಕ್ಕಿನ ಅಂಚು ಕೆಂಪು ಗೆರೆಯ ಮೇಲಿತ್ತು. ಎದ್ದು ಎರಡೂ ಕೈ ಅಗಲಿಸಿದರು. ಗೋಲಲ್ಲ.

ಗ್ಯಾಲರಿಯಲ್ಲಿ ನಮ್ಮೂರವರು ಇಪ್ಪತ್ತು ಮೂವತ್ತು ಮಂದಿ ಇದ್ದರು. ಛಾವಣಿ ಹಾರುವಷ್ಟು ಬೊಬ್ಬೆ ಹೊಡೆದರು. ಲೋಬೋ ಪೊರ್ಬುಗಳು ಓಡಿ ಬಂದು ಕವರಾಲಿನ ಎಣ್ಣೆ ವಾಸನೆಯ ಸಮೇತ ನನ್ನನ್ನು ತಬ್ಬಿಕೊಂಡರು. "ನೋಡಿದ್ರಾ ವಾಮನಣ್ಣ, ನನ್ನ ಮಗಳ ಸೇವ್!"

ನಾನು ನೋಡಿದ್ದೆ. ನೇರ ಗೆರೆಯಾಗಿದ್ದರೆ ಅದು ಗೋಲು ಎಂದು ಆ ಮಾಲಿನಲ್ಲಿ ಗೊತ್ತಿದ್ದವರು ಇಬ್ಬರೇ, ಎಂದುಕೊಂಡಿದ್ದೆ.

ಬಿಡುವಿನಲ್ಲಿ ಎಮ್ಮೆ ಓಡಿಸುತ್ತ ಉತ್ತರದ ಗೋಲಿಗೆ ಬಂದೆ. ತಂಡದವರೆಲ್ಲ ಒಳಗೆ ಹೋಗಿದ್ದರು. ಶೆರಿಲ್ ಮಾತ್ರ ಬಾಗಿಲ ಹತ್ತಿರ ನೀರು ಕುಡಿಯುತ್ತ ನಿಂತಿದ್ದಳು.

"ಅಂಕಲ್, ಅಲ್ಲಿ ಜಾಸ್ತಿ ನೀರು ಹಾಕ್ಬೇಡಿ. ಪ್ರತಿ ಸಲ ಅಲ್ಲಿಯೇ ಹಾಕಿದ್ರೆ ರೆಫ್ರಿಗೆ ಡೌಟ್ ಬರ್ತದೆ."

"ಎಂತ ಡೌಟ್?"

"ನಿಮ್ಮ ಬೆಂಡ್ ಲೈನ್ ಮೇಲೆ."

ಗಾಡಿ ಆಫ್ ಮಾಡಿದೆ. "ನಿನಗೆ ಯಾವಾಗ ಗೊತ್ತಾಯ್ತು ಮಗಾ?"

"ಫಸ್ಟ್ ಡೇ. ನಾನು ಗೋಲ್‌ಕೀಪರ್ ಅಲ್ವಾ? ದಿನಾ ಇಡೀ ಆ ಲೈನ್ ಮೇಲೆಯೇ ನಿಲ್ಲುದು. ಆ ಸೈಡಲ್ಲಿ ಸ್ವಲ್ಪ ಜಾಗ ಫ್ರೀ ಉಂಟು. ಅದಕ್ಕೆ ನಾನು ಈಚೆ ಸೈಡಲ್ಲಿ ಹೆಚ್ಚು ನಿಲ್ತೇನೆ."

ಮೂರು ದಿನದಿಂದ ನಾವು ಹಿಮ ಚೆಲ್ಲಿ ಮುಚ್ಚಿಟ್ಟ ಗುಟ್ಟಿನ ಲೆಕ್ಕದಲ್ಲಿಯೇ ಈ ಹುಡುಗಿ ಆಡುತ್ತಿದ್ದಳು.

"ಅದು ಚೀಟಿಂಗ್ ಅಲ್ವಾ?" ಎಂದೆ.

ಅವಳು ಬಾಟಲಿಯ ಮುಚ್ಚಳ ಹಾಕಿದಳು. "ಬೆಂಡ್ ಮಾಡಿದ್ದು ನಾನಾ?"

ನಾನು ಗಾಡಿ ಮತ್ತೆ ಸ್ಟಾರ್ಟ್ ಮಾಡಿದೆ. ಅವಳು ಒಳಗೆ ಹೋದಳು.

ಎರಡನೆಯ ಅವಧಿಯಲ್ಲಿ ಎರಡೂ ತಂಡ ಒಂದೊಂದು ಗೋಲು ಹೊಡೆದವು. ಪರ್ಲ್ಸ್ ಎರಡು, ಫಾಲ್ಕನ್ಸ್ ಒಂದು. ನಾನು ಆಟ ನೋಡಲಿಲ್ಲ. ಗಾಡಿಯ ಬಾಗಿಲು ಫಾಲ್ಕನ್ಸ್ ಬೆಂಚಿನ ಪಕ್ಕದಲ್ಲಿಯೇ ಇತ್ತು. ಖಾಲಿದ್ ತನ್ನ ಕೋಚಿಗೆ ಹೇಳುತ್ತಿದ್ದ, "ಅದು ಒಳಗೆ ಹೋಗಿತ್ತು ಕೋಚ್. ವಲ್ಲಾಹಿ, ದೇವರಾಣೆ, ಕಂಬ ದಾಟಿತ್ತು." ಕೋಚ್ ಮೊದಲೆರಡು ಸಲ ಸಮಾಧಾನ ಮಾಡಿದರು. ಮೂರನೆಯ ಸಲ ಸಿಡಿದರು. "ಸಾಕು. ರೆಫ್ರಿ ಮಲಗಿ ನೋಡಿದ್ದಾರೆ. ಸೋಲುವಾಗ ಸುಳ್ಳು ಹೇಳುವುದು ಕಲಿಯಬೇಡ." ಪಕ್ಕದಲ್ಲಿ ಕೂತ ಇಬ್ಬರು ಹುಡುಗರು ಅವನಿಂದ ಸ್ವಲ್ಪ ಸರಿದು ಕೂತರು. ಖಾಲಿದ್ ಹೆಲ್ಮೆಟ್ಟಿನ ಜಾಲರಿ ಕೆಳಗಿಳಿಸಿಕೊಂಡ. ಜಾಲರಿಯ ಹಿಂದೆ ಮುಖ ಒರೆಸಿಕೊಳ್ಳಲು ಆಗದೆ ಸುರ್ರೆಂದು ಮೂಗು ಎಳೆದುಕೊಳ್ಳುತ್ತಿದ್ದ.

ಟ್ರೋಫಿ ಯಾರಿಗೆ ಹೋದರೂ ನನಗೆ ನಿದ್ದೆ ಬರುತ್ತಿತ್ತು. ಆದರೆ ಈ ಹುಡುಗ ನಿಜ ಹೇಳಿ ಸುಳ್ಳನಾಗಿದ್ದ. ಹಾಗಾದದ್ದು ನನ್ನ ಪೈಪಿನಿಂದ.

ನಿಜ ಹೇಳಿಬಿಡುವುದಾ ಎಂದು ಹಮೀದಾಕನ ಹತ್ತಿರ ಕೇಳಿದೆ. ಅವರು ತಲೆಯ ಟೊಪ್ಪಿ ಸರಿಮಾಡಿಕೊಂಡರು. "ಈಗಷ್ಟೇ ನಮಾಜು ಮಾಡಿ ಬಂದಿದ್ದೇನೆ ವಾಮನಣ್ಣ. ನನ್ನ ಹತ್ರ ಕೇಳಿದ್ರೆ ಹೇಳುವ ಅಂತಲೇ ಹೇಳ್ಬೇಕಾಗ್ತದೆ. ನೀವು ನಿನ್ನೆ ಕೇಳ್ಬೇಕಿತ್ತು."

ಫಾದಿ ಮುಂದಿನ ಸಾಲಿನಲ್ಲಿ ಅತಿಥಿಗಳ ನಡುವೆ ಇದ್ದರು. ಬಗ್ಗಿ ಕಿವಿಯಲ್ಲಿ ಹೇಳಿದೆ. ಮುಖದ ನಗು ಕದಲದೆ ಅವರು ಹಲ್ಲಿನ ಸಂದಿಯಿಂದ ಕೇಳಿದರು, "ಎಷ್ಟು?"

"ಎರಡು ಬೆರಳು."

"ಯಾರಾದರೂ ನೋಡಿದ್ದಾರಾ?"

"ಇಲ್ಲ ಸರ್." ಶೆರಿಲ್ ಹೆಸರನ್ನು ನಾನು ಎತ್ತಲಿಲ್ಲ.

"ಹಾಗಾದರೆ ಇಲ್ಲ. ಖಲಾಸ್."

ಮೇಲಧಿಕಾರಿ ಖಲಾಸ್ ಎಂದ ಮೇಲೆ ಕೆಲಸಗಾರನ ಜವಾಬ್ದಾರಿ ಮುಗಿಯಿತು ಎಂದು ಅನೇಕರು ತಿಳಿದಿದ್ದಾರೆ. ನಾನೂ ಎಷ್ಟೋ ವರ್ಷ ಹಾಗೇ ಬದುಕಿದವನು, ಅದರಲ್ಲಿ ಬಹಳ ಸುಖ ಉಂಟು. ಆವತ್ತು ಮಾತ್ರ ಆ ಸುಖ ಸಿಗಲಿಲ್ಲ. ಎರಡನೆಯ ಬಿಡುವಿನ ಗಂಟೆ ಬಾರಿಸಿದ ಕೂಡಲೇ ಗಮ್‌ಬೂಟಿನಲ್ಲಿ ಐಸಿನ ಮೇಲೆ ನಡೆದು ರೆಫ್ರಿಯ ಬಳಿ ಹೋದೆ. ಅವರು ಫಿನ್ಲೆಂಡಿನವರು, ದೋಹಾದ ಶಾಲೆಯೊಂದರಲ್ಲಿ ವಿಜ್ಞಾನದ ಮೇಷ್ಟ್ರು. ಗೋಲಿನ ಹತ್ತಿರ ಕರೆದುಕೊಂಡು ಹೋಗಿ ಹಿಮದ ಪುಡಿಯನ್ನು ಕೈಯಿಂದ ಸರಿಸಿ ತೋರಿಸಿದೆ.

ಅವರು ಮಂಡಿಯೂರಿದರು. "ಯಾರು ಮಾಡಿದ್ದು?"

"ನಾನು."

"ಯಾವಾಗ ಗೊತ್ತಾಯಿತು?"

"ಮೊದಲ ದಿನ."

ಅವರು ನನ್ನನ್ನೇ ನೋಡಿದರು. ತಪ್ಪು ಉತ್ತರ ಬರೆದ ಹುಡುಗನನ್ನು ಮೇಷ್ಟ್ರು ನೋಡುವ ನೋಟ ಅದು. ಐವತ್ತೇಳನೇ ವಯಸ್ಸಿನಲ್ಲಿಯೂ ಅದರ ಬಿಸಿ ಕಡಿಮೆ ಇರುವುದಿಲ್ಲ. ಆಮೇಲೆ ಹೇಳಿದರು, "ಕೊಟ್ಟ ತೀರ್ಪನ್ನು ನಾನು ಬದಲಿಸಲಾರೆ. ನಿಯಮ ಹಾಗಿದೆ. ಗೆರೆಯನ್ನು ಬದಲಿಸಬಹುದು. ಹದಿನೈದು ನಿಮಿಷ ಇದೆ. ಆಗುತ್ತದಾ?"

ಆಗುತ್ತದೆ ಎಂದೆ. ಆಗುತ್ತದೋ ಇಲ್ಲವೋ ಗೊತ್ತಿರಲಿಲ್ಲ.

ಅವರು ಎರಡೂ ತಂಡದ ಕೋಚುಗಳನ್ನು ಕರೆದು ವಿಷಯ ಹೇಳಿದರು. ಫಾಲ್ಕನ್ಸ್ ಕೋಚ್ ತಿರುಗಿ ಬೆಂಚಿಗೆ ಹೋಗಿ ಖಾಲಿದನ ತಲೆಯ ಮೇಲೆ ಕೈಯಿಟ್ಟರು. ಪರ್ಲ್ಸ್ ಕೋಚ್ ನನ್ನನ್ನು ನೋಡಿದ ರೀತಿ ಬೇರೆ. ಅದನ್ನು ಬರೆಯುವುದು ಬೇಡ.

ಸೊಟ್ಟ ಭಾಗದ ಮೇಲೆ ಐಸು ಕೆರೆದು, ಬಿಳಿ ಹಿಮವನ್ನು ಒದ್ದೆ ಮಾಡಿ ಒತ್ತಿ ಮುಚ್ಚಿದೆವು. ದಾರ ಎಳೆದು, ಹೊಸ ಕೆಂಪು ಪಟ್ಟಿಯ ತುಂಡು ಇಟ್ಟು, ನಾನು ಅಂಗೈಯಿಂದ ನೀರು ಚಿಮುಕಿಸಿದೆ. ಪೈಪು ಮುಟ್ಟಲಿಲ್ಲ. ಬೇಗ ಹೆಪ್ಪುಗಟ್ಟಬೇಕಲ್ಲ, ಅದಕ್ಕೆ ಹಮೀದಾಕ ಗೋಡೆಯಿಂದ ಕಾರ್ಬನ್ ಡೈಆಕ್ಸೈಡಿನ ಬೆಂಕಿ ಆರಿಸುವ ಸಿಲಿಂಡರ್ ಕಿತ್ತು ತಂದರು. ಅದರಿಂದ ಬರುವ ಅನಿಲ ವಿಪರೀತ ತಣ್ಣಗಿರುತ್ತದೆ. ಬಿಳಿ ಅಂಗಿಯ ಹಮೀದಾಕ ಭರ್ರ್ ಎಂದು ಬಿಟ್ಟಾಗ ಎದ್ದ ಹೊಗೆಯಲ್ಲಿ ನಾವಿಬ್ಬರೂ ಮಾಯವಾದೆವು. ಜನ ಚಪ್ಪಾಳೆ ತಟ್ಟಿದರು. ಹೊಗೆ ಇಳಿಯುವಾಗ ಮೈಕಿನಲ್ಲಿ ಫಾದಿಯ ಧ್ವನಿ: "ಫೈನಲಿಗೆ ಅತ್ಯುನ್ನತ ನಿಖರತೆ ಬೇಕೆಂದು, ನನ್ನ ಆದೇಶದ ಮೇರೆಗೆ, ನಮ್ಮ ತಾಂತ್ರಿಕ ತಂಡ..."

ಶೆರಿಲ್ ಮೂರನೆಯ ಅವಧಿಗೆ ಬಂದು ಗೋಲಿನಲ್ಲಿ ನಿಂತಳು. ಕೆಳಗೆ ನೋಡಿದಳು. ಕೋಲಿನಿಂದ ಎಡಗಂಬ ತಟ್ಟಿದಳು. ಆಮೇಲೆ ತಲೆ ಎತ್ತಿ ನನ್ನನ್ನು ಹುಡುಕಿ ನೋಡಿದಳು. ಜಾಲರಿಯ ಹಿಂದಿನ ಮುಖ ಕಾಣಲಿಲ್ಲ. ಕಾಣದ್ದು ಒಳ್ಳೆಯದಾಯಿತು.

ಫಾಲ್ಕನ್ಸ್ ಬೇಗನೇ ಎರಡನೆಯ ಗೋಲು ಹೊಡೆದು ಸಮ ಮಾಡಿತು. ಆಮೇಲೆ ಆ ಹುಡುಗಿ ಆಡಿದಂಥ ಆಟವನ್ನು ನಾನು ಮತ್ತೆಂದೂ ನೋಡಲಿಲ್ಲ. ಒಂದನ್ನು ಕೈಯಲ್ಲಿ, ಒಂದನ್ನು ಎದೆಯಲ್ಲಿ, ಒಂದನ್ನು ಬೆನ್ನು ತಿರುಗಿಸಿಕೊಂಡೇ ತಡೆದಳು. ಗ್ಯಾಲರಿಯ ನಮ್ಮವರ ಗಂಟಲು ಬಿದ್ದುಹೋಗಿತ್ತು. ಕೊನೆಯ ನಿಮಿಷದಲ್ಲಿ ಖಾಲಿದ್ ಬಂದ. ಅದೇ ಎಡಗಂಬ, ಅದೇ ನೆಲಕ್ಕೆ ತಾಗಿದ ಹೊಡೆತ. ಶೆರಿಲ್ ಅದೇ ಕಾಲು ಚಾಚಿದಳು. ಪಕ್ ಕವಚಕ್ಕೆ ತಗುಲಿ, ನಿಧಾನವಾಗಿ, ಒಂದು ಸುತ್ತು ಸುತ್ತಿ ನಿಂತಿತು. ರೆಫ್ರಿ ಮಲಗಿ ನೋಡಿದರು. ಕೆಂಪು ಗೆರೆಗೂ ಪಕ್ಕಿಗೂ ನಡುವೆ ಎಳೆಯಷ್ಟು ಬಿಳಿ ಕಾಣುತ್ತಿತ್ತು.

ಗೋಲು. ಫಾಲ್ಕನ್ಸ್ ಮೂರು, ಪರ್ಲ್ಸ್ ಎರಡು.

ಲೋಬೋ ಪೊರ್ಬುಗಳು ಈ ಸಲ ನನ್ನನ್ನು ತಬ್ಬಿಕೊಳ್ಳಲಿಲ್ಲ. ವಿಷಯ ಅಷ್ಟರಲ್ಲಿ ಗ್ಯಾಲರಿಗೂ ಮುಟ್ಟಿತ್ತು. "ಇವತ್ತೇ ಸತ್ಯ ಹೇಳ್ಬೇಕಿತ್ತಾ ವಾಮನಣ್ಣ ನಿಮಗೆ?" ಎಂದಷ್ಟೇ ಕೇಳಿದರು. ನಮ್ಮೂರವರು ಒಬ್ಬೊಬ್ಬರಾಗಿ ನನ್ನನ್ನು ನೋಡುತ್ತ ಇಳಿದು ಹೋದರು. ಮದೀನತ್ ಖಲೀಫಾ ಬಡಾವಣೆಯಲ್ಲಿ ನನ್ನ ಜೊತೆ ರೂಮಿನಲ್ಲಿದ್ದ ಮೂವರೂ ಅವರಲ್ಲಿದ್ದರು. ಆ ವಾರ ಮೀನು ಸಾರು ಮಾಡಿದವರು ನನ್ನನ್ನು ಊಟಕ್ಕೆ ಕರೆಯಲಿಲ್ಲ.

ಪಂದ್ಯ ಮುಗಿದ ಮೇಲೆ ಎರಡೂ ತಂಡ ಸಾಲಾಗಿ ಒಬ್ಬರಿಗೊಬ್ಬರು ಕೈ ಕೊಡುವ ಪದ್ಧತಿ ಉಂಟು. ಶೆರಿಲ್ ಹೆಲ್ಮೆಟ್ ತೆಗೆದಿದ್ದಳು, ಕಣ್ಣು ಕೆಂಪಾಗಿತ್ತು. ಖಾಲಿದ್ ಎದುರು ಬಂದಾಗ ನಿಂತು ಇಂಗ್ಲಿಷಿನಲ್ಲಿ, ನನಗೂ ಕೇಳುವ ಹಾಗೆ ಹೇಳಿದಳು, "ನಿನ್ನ ಮೊದಲನೆಯದೂ ಗೋಲೇ. ನನಗೆ ಆಗಲೇ ಗೊತ್ತಿತ್ತು."

ಅವನು ಅವಳ ಕೈ ಹಿಡಿದುಕೊಂಡೇ ಒಂದು ಕ್ಷಣ ಯೋಚಿಸಿದ. ಆಮೇಲೆ ತನ್ನ ತಂಡದ ಕಡೆ ತಿರುಗಿ ಕಿರುಚಿದ, "ಕೇಳಿದಿರಾ? ನಾವು ಗೆದ್ದದ್ದು ಎರಡು ಗೋಲಿನಿಂದ!"

ಶೆರಿಲ್‌ಗೆ ಅಳುವಿನ ನಡುವೆಯೇ ನಗು ಬಂತು. ಹಿಂದಿನವರೆಲ್ಲ ಒಬ್ಬರ ಮೇಲೊಬ್ಬರು ಜಾರಿ ಡಿಕ್ಕಿ ಹೊಡೆದರು.

ಮರುದಿನ ಬೆಳಿಗ್ಗೆ ಫಾದಿ ನನ್ನನ್ನು ಕರೆದು ಎರಡು ಕಾಗದ ಕೊಟ್ಟರು. ಒಂದು, ಕರ್ತವ್ಯಲೋಪಕ್ಕೆ ಎಚ್ಚರಿಕೆ. ಇನ್ನೊಂದು, ಪ್ರಾಮಾಣಿಕತೆಗೆ ಮೆಚ್ಚುಗೆ, ಪಂದ್ಯಾವಳಿಯ ಸಮಿತಿಯಿಂದ. ಎರಡಕ್ಕೂ ಸಹಿ ಮಾಡಿಸಿಕೊಂಡರು. "ಯಾವುದನ್ನು ನಂಬಲಿ ಸರ್?" ಎಂದೆ. 

"ಎರಡನ್ನೂ. ಈಗ ಹೋಗಿ ಆ ಗೆರೆ ಪೂರ್ತಿ ತೆಗೆದು ಹೊಸದು ಹಾಕಿ. ಯಲ್ಲಾ."

ಹಮೀದಾಕನೂ ನಾನೂ ಉತ್ತರದ ಗೋಲಿನ ಹತ್ತಿರ ಐಸು ಅಗೆದು, ಹಳೆಯ ಪಟ್ಟಿ ಕಿತ್ತು, ಹೊಸದನ್ನು ಹಾಸುತ್ತಿದ್ದೆವು. ಶೆರಿಲ್ ಬಂದಳು. ಹಿಂದಿನ ದಿನ ಕೈಗವಸು ಬಿಟ್ಟು ಹೋಗಿದ್ದಳಂತೆ. ಅದನ್ನು ತೆಗೆದುಕೊಂಡ ಮೇಲೂ ಹೋಗಲಿಲ್ಲ. ಅಂಚಿನಲ್ಲಿ ನಿಂತು ನೋಡಿದಳು. ಸ್ವಲ್ಪ ಹೊತ್ತಾದ ಮೇಲೆ ಬಾಗಿಲು ತೆರೆದು ಒಳಗೆ ಬಂದು, ಬೋರಲು ಮಲಗಿ, ಕೆನ್ನೆಯನ್ನು ಐಸಿಗೆ ತಾಗಿಸಿ, ಒಂದು ಕಣ್ಣು ಮುಚ್ಚಿ ಪಟ್ಟಿಯ ಉದ್ದಕ್ಕೂ ನೋಡಿದಳು.

"ಅಂಕಲ್, ಸ್ವಲ್ಪ ಒಳಗೆ."

ಸರಿಸಿದೆ.

"ಜಾಸ್ತಿ ಆಯ್ತು. ಹೊರಗೆ. ಹಾಂ, ಸಾಕು. ಈಗ ಸ್ಟ್ರೈಟ್ ಉಂಟು."

ನಾನು ನೀರಿಗೆ ಕೈ ಹಾಕಿದ್ದೆ. ಹಮೀದಾಕ ನನ್ನ ತೋಳು ಹಿಡಿದು ಕಿವಿಯಲ್ಲಿ ಹೇಳಿದರು, "ಟೇಪ್ ಹಿಡೀರಿ ವಾಮನಣ್ಣ. ಅವಳು ಗೋಲ್‌ಕೀಪರ್."

ಅಳತೆಯ ಟೇಪು ಹಿಡಿದೆವು. ಈ ತುದಿಯಿಂದ ಒಮ್ಮೆ, ಆ ತುದಿಯಿಂದ ಒಮ್ಮೆ, ಎರಡು ಕಂಬಗಳ ಹತ್ತಿರ ಒಂದೊಂದು ಸಲ. ಅವಳು ಮಲಗಿದಲ್ಲಿಂದ ಏಳದೆ, ಗಲ್ಲಕ್ಕೆ ಕೈಯಿಟ್ಟುಕೊಂಡು ನಮ್ಮಿಬ್ಬರನ್ನೂ ನೋಡುತ್ತಿದ್ದಳು. ಕೂದಲೆಳೆಯಷ್ಟೂ ತಪ್ಪಿರಲಿಲ್ಲ.

ಅಂಗೈಯಲ್ಲಿ ನೀರು ತೆಗೆದು ಪಟ್ಟಿಯ ಮೇಲೆ ಚಿಮುಕಿಸಿದೆ.